ಅಪ್‌ಡೇಟ್: ಬುಷ್ ಬದಲಿಸಿದ ಮೇಲೆ ಕಾರು ನೆಟ್ಟಗೆ ಓಡುತ್ತಿದೆ

ಬ್ರೇಕ್ ಒತ್ತಿದರೆ ನನ್ನ ಹಳೇ ಹ್ಯಾಚ್‌ಬ್ಯಾಕ್ ಎಡಕ್ಕೆ ಎಳೆಯುತ್ತದೆ, ಚಾರ್ಮಾಡಿ ತಿರುವುಗಳಲ್ಲಿ ಮುಂಭಾಗ ತೇಲಿದ ಹಾಗಾಗುತ್ತದೆ, ಬುಷ್ (ಸಸ್ಪೆನ್ಷನ್ ಕೀಲುಗಳಲ್ಲಿ ಕೂರುವ ರಬ್ಬರ್ ತುಂಡು) ಬದಲಿಸಬೇಕಾ ಎಂದು ಕೇಳಿದ್ದೆ ಅಲ್ವಾ? ಹೌದು, ಬುಷ್ಷೇ.

ವೀಲ್ ಅಲೈನ್‌ಮೆಂಟ್ ಮಾಡಿಸಿದೆ, ಟೈರ್ ಅದಲು ಬದಲು ಮಾಡಿದೆ. ಏನೂ ಪ್ರಯೋಜನವಾಗಲಿಲ್ಲ. ‘ಲೋಯರ್ ಆರ್ಮ್‌ನ (ಚಕ್ರವನ್ನು ಕೆಳಗಡೆ ಕಾರಿನ ಚೌಕಟ್ಟಿಗೆ ಜೋಡಿಸುವ ತೋಳು) ಹಿಂದಿನ ಬುಷ್ ಹತ್ತಿರ ಸಲಾಕೆ ಹಾಕಿ ಮೀಟಿ ನೋಡಿ’ ಎಂದವರಿಗೆ ದೊಡ್ಡ ಥ್ಯಾಂಕ್ಸ್. ಮೀಟಿದ ಕೂಡಲೇ ರಬ್ಬರ್ ಲೋಹದಿಂದ ಬಿಟ್ಟುಕೊಂಡು ಬಾಯಿ ತೆರೆಯಿತು. ಬುಷ್ ಒಳಗಿನ ಲೋಹದ ಕೊಳವೆ (ಸ್ಲೀವ್) ಅತ್ತಿತ್ತ ಓಡಾಡುತ್ತಿತ್ತು.

ಎಲ್ಲ ಕಡೆ ಪಾಲಿಯುರೆಥೇನ್ (ರಬ್ಬರ್‌ಗಿಂತ ಗಟ್ಟಿಯಾದ ಪ್ಲಾಸ್ಟಿಕ್) ಬುಷ್ ಹಾಕಿಸಿ ಎಂದು ಕೆಲವರು ಹೇಳಿದ್ದಿರಿ. ನಾನು ಹಿಂದಿನ ಬುಷ್‌ಗೆ ಮಾತ್ರ ಪಾಲಿ ಹಾಕಿಸಿದೆ, ಮುಂದಿನದಕ್ಕೆ ಹೊಸ ರಬ್ಬರ್. ದಿನಬಳಕೆಗೆ ಇದೇ ಸರಿ ಅನ್ನಿಸಿತು. ಸ್ಟೀರಿಂಗ್ ಈಗ ಹೇಳಿದ ಕಡೆ ಹೋಗುತ್ತದೆ, ಎಳೆತ ಪೂರ್ತಿ ನಿಂತಿದೆ. ಹಂಪ್‌ಗಳ ಏಟು ಸ್ವಲ್ಪ ಜಾಸ್ತಿ ಗೊತ್ತಾಗುತ್ತದೆ, ಅಷ್ಟೇ.

ನನಗೆ ಹೊಸದಾಗಿ ತಿಳಿದದ್ದು ಬೋಲ್ಟ್ ಬಿಗಿಯುವ ಕ್ರಮ. ರಬ್ಬರ್ ಬುಷ್ ಒಳಗೆ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ನೇತಾಡುವಾಗ ಪೂರ್ತಿ ಬಿಗಿದರೆ, ಕಾರು ಇಳಿಸಿದ ಮೇಲೆ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಹಾಗಾಗಿ ಕಾರಿನ ಭಾರ ಚಕ್ರದ ಮೇಲೆ ಬಂದಮೇಲೇ ಕೊನೆಯ ಬಿಗಿತ. ಮೆಕ್ಯಾನಿಕ್ ಹತ್ತಿರ ನಿಂತು ಇದನ್ನು ಮಾಡಿಸಿಕೊಳ್ಳಿ. ಪಾಲಿ ಹಾಗಲ್ಲ, ಅದು ಜಾರುತ್ತದೆ. ಸಿಲಿಕೋನ್ ಗ್ರೀಸ್ ಹಚ್ಚದಿದ್ದರೆ ಕಿರುಗುಟ್ಟುತ್ತದೆ.

ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮತ್ತೆ ಮಾಡಿಸಲೇಬೇಕು. ನನ್ನದರಲ್ಲಿ ಟೋ (ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸಾಕಷ್ಟು ಬದಲಾಗಿತ್ತು.