ಓಣಿಯಲ್ಲೇ ಹಕ್ಕುಪತ್ರವೋ, ರಿಂಗ್ ರಸ್ತೆಯಾಚೆಯ ಫ್ಲ್ಯಾಟೋ? ಬೇರೆ ನಗರಗಳ ಅನುಭವ ತಿಳಿದವರು ಹೇಳಿ

ಪ್ರಶ್ನೆ: ಓಣಿಯ ನಿವಾಸಿ, ಕಲಬುರಗಿ

ಎಲ್ಲರಿಗೂ ಶರಣು. ನಮ್ಮದು ಕಲಬುರಗಿಯ ಧಾನ್ಯದ ಪೇಟೆಯಾದ ಗಂಜ್‌ಗೆ ಸಮೀಪದ ಒಂದು ಹಳೆಯ ಓಣಿ. ಗಂಡಸರಲ್ಲಿ ಹೆಚ್ಚಿನವರು ಹಮಾಲಿ ಮತ್ತು ಗೌಂಡಿ ಕೆಲಸದವರು. ಹೆಂಗಸರಲ್ಲಿ ಕೆಲವರು ದಾಲ್‌ಮಿಲ್ಲಿಗೆ ಹೋಗುತ್ತಾರೆ, ಇನ್ನು ಕೆಲವರು ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾರೆ. ಜಾಗ ಸರ್ಕಾರದ್ದು, ಓಣಿ ಘೋಷಿತ ಕೊಳಗೇರಿಗಳ ಪಟ್ಟಿಯಲ್ಲಿದೆ, ಆದರೆ ಯಾರ ಕೈಯಲ್ಲೂ ಹಕ್ಕುಪತ್ರವಿಲ್ಲ.

ಈಗ ನಮ್ಮ ಮುಂದೆ ಎರಡು ಮಾತು ಬಂದಿವೆ. ಒಂದು, ರಿಂಗ್ ರಸ್ತೆಯ ಆಚೆ ಕಟ್ಟುವ ಜಿ+3 (ನೆಲಮಹಡಿ ಮತ್ತು ಅದರ ಮೇಲೆ ಮೂರು ಮಹಡಿ) ಕಟ್ಟಡದಲ್ಲಿ ಒಂದೊಂದು ಫ್ಲ್ಯಾಟ್ ಪಡೆದು ಈ ಜಾಗವನ್ನು ಬಿಟ್ಟುಕೊಡುವುದು. ಇನ್ನೊಂದು, ಇದ್ದಲ್ಲಿಯೇ ಹಕ್ಕುಪತ್ರ ಪಡೆದು ಸಹಾಯಧನದಲ್ಲಿ ಮನೆ ಕಟ್ಟಿಕೊಳ್ಳುವುದು. ಓಣಿಯ ಹುಡುಗರು ಸಿಂಗಾಪುರದ ಚಿತ್ರ ತೋರಿಸಿ ಫ್ಲ್ಯಾಟೇ ಒಳ್ಳೆಯದು ಎನ್ನುತ್ತಾರೆ. ಹಿರಿಯರು ಒಪ್ಪುತ್ತಿಲ್ಲ. ಅಮೆರಿಕದಲ್ಲಿ ಬಡವರಿಗೆಂದು ಕಟ್ಟಿದ ದೊಡ್ಡ ಕಟ್ಟಡಗಳನ್ನು ಸರ್ಕಾರವೇ ಕೆಡವಿತು ಎಂದೂ ಓದಿದ್ದೇನೆ. ಒಂದೇ ಬಗೆಯ ಕಟ್ಟಡ ಒಂದು ಊರಿನಲ್ಲಿ ಬಾಳಿ, ಇನ್ನೊಂದು ಊರಿನಲ್ಲಿ ಹಾಳಾದದ್ದು ಏಕೆ? ಇದನ್ನು ಬಲ್ಲವರು ದಯವಿಟ್ಟು ವಿವರಿಸಬೇಕು. ಓಣಿಯ ಸಭೆಯಲ್ಲಿ ಇದನ್ನೇ ಓದಿ ಹೇಳಬೇಕೆಂದಿದ್ದೇನೆ.

ಉತ್ತರ: ನಿವೃತ್ತ ಇಂಜಿನಿಯರ್, ಬೀದರ್

ತಾವು ಕೇಳಿರುವ ಪ್ರಶ್ನೆಯೇ ಸರಿಯಾದ ಪ್ರಶ್ನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ: ಕಟ್ಟಡ ಎತ್ತರವಿದೆಯೋ ಗಿಡ್ಡವಿದೆಯೋ ಎಂಬುದರ ಮೇಲೆ ಅದರ ಬಾಳಿಕೆ ನಿಂತಿಲ್ಲ. ನೆಲ ಯಾರದು, ಕಟ್ಟಿದ ಮೇಲೆ ತಿಂಗಳು ತಿಂಗಳು ಅದರ ಖರ್ಚು ಹೊರುವವರು ಯಾರು ಎಂಬ ಎರಡು ಸಂಗತಿಗಳ ಮೇಲೆ ನಿಂತಿದೆ.

ತಾವು ಓದಿದ್ದು ಬಹುಶಃ ಅಮೆರಿಕದ ಸೇಂಟ್ ಲೂಯಿಸ್ ನಗರದ ಪ್ರುಯಿಟ್-ಐಗೋ ವಸತಿ ಸಮುಚ್ಚಯದ ವಿಷಯ. 11 ಮಹಡಿಗಳ 33 ಕಟ್ಟಡಗಳು. 1954ರಲ್ಲಿ ಜನ ಬಂದು ಸೇರಿದರು, 1972ರಲ್ಲಿ ಕೆಡವಲು ಆರಂಭವಾಯಿತು, 1976ರ ಹೊತ್ತಿಗೆ ಎಲ್ಲವೂ ನೆಲಸಮವಾಗಿತ್ತು. ಕಟ್ಟಲು ಸರ್ಕಾರ ಹಣ ಕೊಟ್ಟಿತು, ಆದರೆ ನಿರ್ವಹಣೆಯ ಖರ್ಚು ಅಲ್ಲಿದ್ದ ಬಡವರ ಬಾಡಿಗೆಯಿಂದಲೇ ಹೊರಡಬೇಕಿತ್ತು. ನಗರದ ಜನಸಂಖ್ಯೆ ಇಳಿಯಿತು, ಫ್ಲ್ಯಾಟ್‌ಗಳು ಖಾಲಿ ಬಿದ್ದವು, ಬಾಡಿಗೆ ಕಡಿಮೆಯಾಯಿತು, ಲಿಫ್ಟ್ ಕೆಟ್ಟರೆ ರಿಪೇರಿಗೆ ದುಡ್ಡಿಲ್ಲದಾಯಿತು. ಆ ಲಿಫ್ಟಾದರೂ ಎಲ್ಲ ಮಹಡಿಗಳಲ್ಲಿ ನಿಲ್ಲುತ್ತಿರಲಿಲ್ಲ. ಖರ್ಚು ಉಳಿಸಲೆಂದು ಎರಡೆರಡು ಮಹಡಿ ಬಿಟ್ಟು ನಿಲ್ಲುವಂತೆ ಮಾಡಿದ್ದರು. ಕೂಸನ್ನು ಕಂಕುಳಲ್ಲಿಟ್ಟುಕೊಂಡ ತಾಯಿ ಕತ್ತಲೆಯ ಮೆಟ್ಟಿಲಿನಲ್ಲಿ ಹತ್ತಿಳಿಯಬೇಕಿತ್ತು, ಆ ಮೆಟ್ಟಿಲುಗಳಲ್ಲೇ ಸುಲಿಗೆ ನಡೆಯುತ್ತಿತ್ತು.

ಸಿಂಗಾಪುರದ ವಸತಿ ಮಂಡಳಿ 1960ರಲ್ಲಿ ಸ್ಥಾಪನೆಯಾಯಿತು. ಮರುವರ್ಷವೇ ಬುಕಿತ್ ಹೋ ಸ್ವೀ ಎಂಬ ಗುಡಿಸಲು ಪ್ರದೇಶಕ್ಕೆ ಬೆಂಕಿ ಬಿದ್ದು ಸುಮಾರು 16,000 ಜನ ನೆಲೆ ಕಳೆದುಕೊಂಡರು. ಮಂಡಳಿ ಅವರಿಗೆ ಅದೇ ಜಾಗದಲ್ಲೂ ಸಮೀಪದಲ್ಲೂ ಬೇಗನೆ ಫ್ಲ್ಯಾಟ್ ಕಟ್ಟಿತು. 1966ರ ಭೂಸ್ವಾಧೀನ ಕಾನೂನಿನಿಂದ ಸರ್ಕಾರಕ್ಕೆ ನೆಲ ಅಗ್ಗದ ದರದಲ್ಲಿ ಸಿಕ್ಕಿತು. 1968ರಿಂದ ಜನರು ತಮ್ಮ ಭವಿಷ್ಯನಿಧಿಯ ಹಣದಿಂದಲೇ ಫ್ಲ್ಯಾಟ್ ಕೊಳ್ಳಲು ಅವಕಾಶವಾಯಿತು. ಇಂದು ಅಲ್ಲಿನ ನಿವಾಸಿಗಳಲ್ಲಿ ಸುಮಾರು ಶೇ. 80ರಷ್ಟು ಜನ ಇಂಥ ಮನೆಗಳಲ್ಲಿದ್ದಾರೆ. ಅವರಿಗಿರುವುದು 99 ವರ್ಷದ ಗುತ್ತಿಗೆ ಎಂಬುದನ್ನು ನಿಮ್ಮ ಹುಡುಗರಿಗೆ ಹೇಳಿ. ಇನ್ನೊಂದು ಮಾತು, ಚಿತ್ರದಲ್ಲಿ ಕಾಣದ್ದು: ಪ್ರತಿ ಮನೆಯಿಂದ ಟೌನ್ ಕೌನ್ಸಿಲ್ ಮಾಸಿಕ ಶುಲ್ಕ ಪಡೆಯುತ್ತದೆ; ಅದರಲ್ಲಿ ಒಂದು ಪಾಲನ್ನು ಮುಂದಿನ ದೊಡ್ಡ ರಿಪೇರಿಗಳಿಗೆಂದು ಬೇರೆ ನಿಧಿಯಲ್ಲಿ ಇಡಲೇಬೇಕೆಂದು ಕಾನೂನಿದೆ. ಬಣ್ಣ, ಲಿಫ್ಟ್, ಮಾಳಿಗೆಯ ಸೋರಿಕೆ ಎಲ್ಲಕ್ಕೂ ಹಣ ಅಲ್ಲಿಂದ ಬರುತ್ತದೆ.

ಆದ್ದರಿಂದ ಫ್ಲ್ಯಾಟ್ ಕೊಡುವವರನ್ನು ಮೊದಲು ಕೇಳಬೇಕಾದದ್ದು: ಪಂಪ್‌ಸೆಟ್ಟಿನ ಕರೆಂಟ್ ಬಿಲ್ಲನ್ನು ಕಟ್ಟುವವರು ಯಾರು? ನಮ್ಮ ಭಾಗದಲ್ಲಿ ಬೇಸಿಗೆಯಲ್ಲಿ ನಳಕ್ಕೆ ನೀರು ದಿನಗಟ್ಟಲೆ ಬಾರದೆ ಇರುವುದುಂಟು. ನೆಲಮಹಡಿಯ ತೊಟ್ಟಿಯಿಂದ ಮೇಲಕ್ಕೆ ನೀರು ಏರದಿದ್ದರೆ ಮೂರನೆಯ ಮಹಡಿಯ ಸಂಡಾಸು ಬಳಸಲು ಬರುವುದಿಲ್ಲ. ಇದಕ್ಕೆ ಬರವಣಿಗೆಯಲ್ಲಿ ಉತ್ತರ ಸಿಗದಿದ್ದರೆ ಫ್ಲ್ಯಾಟಿಗೆ ಒಪ್ಪಬೇಡಿ.

ಉತ್ತರ: ಯಾದಗಿರಿಯವಳು, ಸದ್ಯ ಮುಂಬಯಿ

ಸರ್ ಹೇಳಿದ್ದಕ್ಕೆ ಮುಂಬಯಿಯ ಒಂದು ಮಾತು ಸೇರಿಸುತ್ತೇನೆ. ಇಲ್ಲಿ 1995ರಿಂದ ಕೊಳಗೇರಿ ಪುನರ್ವಸತಿ ಪ್ರಾಧಿಕಾರವಿದೆ. ಬಿಲ್ಡರ್ ಗುಡಿಸಲು ತೆಗೆದು ಅದೇ ಜಾಗದ ಒಂದು ಭಾಗದಲ್ಲಿ ಜನರಿಗೆ ಉಚಿತ ಫ್ಲ್ಯಾಟ್ ಕಟ್ಟಿಕೊಡುತ್ತಾನೆ, ಉಳಿದ ಭಾಗದಲ್ಲಿ ಹೆಚ್ಚುವರಿ ಮಹಡಿ ಕಟ್ಟಿ ಪೇಟೆಯ ದರಕ್ಕೆ ಮಾರಿ ಲಾಭ ಮಾಡುತ್ತಾನೆ. ಮುಂಬಯಿಯಲ್ಲಿ ನೆಲಕ್ಕೆ ಬಂಗಾರದ ಬೆಲೆ ಇರುವುದರಿಂದಲೇ ಈ ಲೆಕ್ಕ ಕೂಡುತ್ತದೆ. ಕಲಬುರಗಿಯಲ್ಲಿ ಊರಂಚಿಗೆ ಹೋದರೆ ಪ್ಲಾಟ್ ಸಿಗುತ್ತಿರುವಾಗ ಆ ಲೆಕ್ಕ ಕೂಡುವುದು ಕಷ್ಟ. ನಿಮ್ಮ ಓಣಿ ಗಂಜ್‌ಗೆ ಹತ್ತಿರವಿರುವುದರಿಂದ ಆ ಜಾಗಕ್ಕೆ ಬೆಲೆ ಇದೆ, ಆ ಬೆಲೆ ಸದ್ಯ ನಿಮ್ಮ ಕೈಯಲ್ಲಿದೆ. ಅದನ್ನು ಬಿಟ್ಟು ಹೋದ ಮೇಲೆ ಅಲ್ಲಿ ಏನಾಗುತ್ತದೆ ಎಂದು ಕೇಳಿದ್ದೀರಾ?

ಇಲ್ಲಿ ಗೋವಂಡಿ, ಮಾನಖುರ್ದ್ ಕಡೆಯ ಪುನರ್ವಸತಿ ಕಟ್ಟಡಗಳು ಒಂದಕ್ಕೊಂದು ಎಷ್ಟು ಒತ್ತಾಗಿವೆ ಎಂದರೆ ಕೆಳಗಿನ ಮಹಡಿಗಳಲ್ಲಿ ಹಗಲಲ್ಲೂ ದೀಪ ಉರಿಯುತ್ತಿರುತ್ತದೆ. ಅಂಥ ಕೆಳಮನೆಗಳಲ್ಲಿ ಕ್ಷಯರೋಗ ಹೆಚ್ಚು ಎಂದು ವೈದ್ಯರ ಅಧ್ಯಯನವೂ ತೋರಿಸಿದೆ. ರೊಟ್ಟಿ ಬಡಿಯುವ ಅಕ್ಕಂದಿರ ಬಗ್ಗೆ ಬರೆದಿದ್ದೀರಿ. ಮೂರನೆಯ ಮಹಡಿಯ ಸಣ್ಣ ಅಡುಗೆಮನೆಯಲ್ಲಿ ಆ ಕೆಲಸ ಸಾಗುತ್ತದೆಯೇ? ಖಾನಾವಳಿಯವರು ರಿಂಗ್ ರಸ್ತೆಯಾಚೆಗೆ ಬಂದು ರೊಟ್ಟಿ ಒಯ್ಯುತ್ತಾರೆಯೇ? ಸಭೆಯಲ್ಲಿ ಗಂಡಸರಷ್ಟೇ ಕುಳಿತರೆ ಈ ಮಾತು ಬರುವುದೇ ಇಲ್ಲ. ಆ ಅಕ್ಕಂದಿರನ್ನು ದಯವಿಟ್ಟು ಕರೆಸಿ.

ಉತ್ತರ: ವಾಸ್ತುಶಿಲ್ಪ ಉಪನ್ಯಾಸಕ, ಕಲಬುರಗಿ

ಇದ್ದಲ್ಲಿಯೇ ಸುಧಾರಿಸುವ ದಾರಿಗೆ ಜಗತ್ತಿನಲ್ಲಿ ಗಟ್ಟಿ ನಿದರ್ಶನಗಳಿವೆ, ಅವುಗಳನ್ನು ಸಭೆಯಲ್ಲಿ ಹೇಳಬೇಕು.

ಕರಾಚಿಯ ಒರಂಗಿ ಎಂಬ ಬಡವರ ಬಸ್ತಿಯಲ್ಲಿ 1980ರಲ್ಲಿ ಅಖ್ತರ್ ಹಮೀದ್ ಖಾನ್ ಆರಂಭಿಸಿದ ಪೈಲಟ್ ಪ್ರಾಜೆಕ್ಟ್ ನನಗೆ ಎಲ್ಲಕ್ಕಿಂತ ಹತ್ತಿರದ್ದಾಗಿ ಕಾಣುತ್ತದೆ. ಅಲ್ಲಿ ಘಟಕವೆಂದರೆ ಗಲ್ಲಿ, ಅಂದರೆ ಇಪ್ಪತ್ತು ಮೂವತ್ತು ಮನೆಗಳು. ಗಲ್ಲಿಯವರು ತಮ್ಮಲ್ಲೇ ಒಬ್ಬ ಮುಖ್ಯಸ್ಥನನ್ನು ಆರಿಸಿ, ಹಣ ಕೂಡಿಸಿ, ಮನೆಯ ಸಂಡಾಸು ಮತ್ತು ಗಲ್ಲಿಯ ಒಳಚರಂಡಿಯನ್ನು ತಾವೇ ಹಾಕಿಸಿಕೊಂಡರು. ಸಂಸ್ಥೆ ನಕ್ಷೆ, ಅಳತೆ, ಉಪಕರಣ, ತಾಂತ್ರಿಕ ಸಲಹೆ ಕೊಟ್ಟಿತು. ಮುಖ್ಯ ಕೊಳವೆ ಮತ್ತು ಶುದ್ಧೀಕರಣ ಮಾತ್ರ ಸರ್ಕಾರದ ಪಾಲು. ಗುತ್ತಿಗೆದಾರನ ಲಾಭವೂ ಮಧ್ಯವರ್ತಿಗಳ ಪಾಲೂ ಇಲ್ಲದ ಕಾರಣ ಖರ್ಚು ಬಹಳ ಇಳಿಯಿತು. ನಿಮ್ಮ ಓಣಿಯ ಬಲವನ್ನು ಇಲ್ಲಿ ನೋಡಿ. ಊರಿನ ಅರ್ಧ ಮನೆಗಳನ್ನು ಕಟ್ಟಿದ ಗೌಂಡಿಗಳು ನಿಮ್ಮಲ್ಲೇ ಇದ್ದಾರೆ!

ಎರಡನೆಯದು ಚಿಲಿಯ ಇಕೀಕೆ ಪಟ್ಟಣದ ಕಿಂತಾ ಮೊನ್ರೋಯ್. ಮೂವತ್ತು ವರ್ಷ ಅತಿಕ್ರಮಿಸಿ ಕುಳಿತಿದ್ದ ಸುಮಾರು ನೂರು ಕುಟುಂಬಗಳು, ಊರ ನಡುವಿನ ಅರ್ಧ ಹೆಕ್ಟೇರ್ ಜಾಗ, ಕುಟುಂಬಕ್ಕೆ 7,500 ಡಾಲರ್ ಸಹಾಯಧನ. ನೆಲ, ಚರಂಡಿ, ಮನೆ ಎಲ್ಲವೂ ಅದರಲ್ಲೇ ಆಗಬೇಕು. ಊರ ಹೊರಗೆ ಹೋದರೆ ನೆಲ ಬಹಳ ಅಗ್ಗವಾಗಿ ಸಿಗುತ್ತಿತ್ತು. ವಾಸ್ತುಶಿಲ್ಪಿ ಅಲೆಹಾಂದ್ರೋ ಅರಾವೆನಾ ಅವರ ತಂಡವು ಜಾಗ ಬಿಡದೆ ಅರ್ಧ ಮನೆ ಕಟ್ಟಿತು: ಅಡಿಪಾಯ, ಮೆಟ್ಟಿಲು, ಅಡುಗೆಮನೆ, ಬಚ್ಚಲು, ಮಾಡು. ಪಕ್ಕದ ಅರ್ಧ ಖಾಲಿ ಬಿಟ್ಟದ್ದನ್ನು ಕುಟುಂಬಗಳು ಕೈಲಾದಾಗ ಕಟ್ಟಿಕೊಂಡವು. ಬಡವನಿಗೆ ಕಟ್ಟಲು ಕಷ್ಟವಾದದ್ದನ್ನು ಸಹಾಯಧನದಿಂದ ಕಟ್ಟಿ, ಅವನೇ ಮಾಡಬಲ್ಲದ್ದನ್ನು ಅವನಿಗೆ ಬಿಡುವ ಈ ಕ್ರಮ ನಮ್ಮಲ್ಲಿ ಮನೆಮನೆಗೂ ಸಹಾಯಧನ ಕೊಡುವ ಯೋಜನೆಗಳಿಗೆ ಚೆನ್ನಾಗಿ ಹೊಂದುತ್ತದೆ.

ಆದರೆ ಇಂಜಿನಿಯರ್ ಸರ್ ಕೇಳುವ ಮೊದಲೇ ನಾನು ಒಪ್ಪಿಕೊಳ್ಳಬೇಕಾದ ತೊಡಕು ಒಂದಿದೆ. ಅಂಬುಲೆನ್ಸ್ ನುಗ್ಗದ ಸಂದಿಗಳನ್ನು ಹಾಗೆಯೇ ಇಟ್ಟು ಹಕ್ಕುಪತ್ರ ಹಂಚಿದರೆ ಮುಂದೆ ಯುಜಿಡಿ (ಒಳಚರಂಡಿ) ಕೊಳವೆಯೂ ಹಾಯುವುದಿಲ್ಲ. ಕೆಲವರು ಒಂದೆರಡು ಅಡಿ ಬಿಟ್ಟುಕೊಡಬೇಕಾಗುತ್ತದೆ, ಅದನ್ನು ಹಕ್ಕುಪತ್ರಕ್ಕಿಂತ ಮೊದಲೇ ತೀರ್ಮಾನಿಸಬೇಕು. ಥಾಯ್ಲೆಂಡ್ 2003ರಲ್ಲಿ ಆರಂಭಿಸಿದ ಬಾನ್ ಮಂಕೋಂಗ್ ಕಾರ್ಯಕ್ರಮದಲ್ಲಿ ಬಸ್ತಿಯವರು ಮೊದಲು ಸಹಕಾರ ಸಂಘ ಕಟ್ಟಿ ಉಳಿತಾಯ ಮಾಡಬೇಕು. ಆಮೇಲೆ ಸಂಘದ ಹೆಸರಿಗೆ ಸಾಲ. ನೆಲದ ಗುತ್ತಿಗೆಯೂ ಸಾಮಾನ್ಯವಾಗಿ ಸಂಘದ ಹೆಸರಿಗೇ. ಯಾರ ಮನೆ ಎಷ್ಟು ಸರಿಯಬೇಕು ಎಂಬುದನ್ನು ಸಂಘವೇ ಕುಳಿತು ನಕ್ಷೆಯ ಮೇಲೆ ಗೆರೆ ಎಳೆದು ನಿರ್ಧರಿಸುತ್ತದೆ.

ಉತ್ತರ: ವಕೀಲೆ, ಕಲಬುರಗಿ

ಕಾನೂನಿನ ಕಡೆಯಿಂದ ನಾಲ್ಕು ಮಾತು. ಕರ್ನಾಟಕದ 1973ರ ಕೊಳಗೇರಿ ಅಧಿನಿಯಮದಲ್ಲಿ 3ನೇ ಪ್ರಕರಣದ ಘೋಷಣೆ ಬೇರೆ, 11ನೇ ಪ್ರಕರಣದ ಘೋಷಣೆ ಬೇರೆ. ಮೊದಲನೆಯದು ಪ್ರದೇಶವನ್ನು ಕೊಳಗೇರಿ ಎಂದು ಗುರುತಿಸುವುದು, ಎರಡನೆಯದು ತೆರವಿಗೆ ಸಂಬಂಧಿಸಿದ್ದು. ನಿಮ್ಮ ಓಣಿಯದು ಯಾವುದು ಎಂದು ಅಧಿಸೂಚನೆಯ ಪ್ರತಿ ತೆಗೆಸಿ ನೋಡಿಕೊಳ್ಳಿ. ಹಕ್ಕುಪತ್ರವೆಂಬ ಕಾಗದ ಕೈಗೆ ಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದು ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗುತ್ತದೆಯೇ, ಪಾಲಿಕೆಯಲ್ಲಿ ಖಾತೆ ತೆರೆಯುತ್ತದೆಯೇ, ಎಷ್ಟು ವರ್ಷ ಪರಭಾರೆ (ಮಾರಾಟ ಅಥವಾ ವರ್ಗಾವಣೆ) ಮಾಡಬಾರದು ಎಂಬ ಷರತ್ತಿದೆ, ಇವೆಲ್ಲ ಸ್ಪಷ್ಟವಾಗಬೇಕು. ಒಡಿಶಾ 2017ರಲ್ಲಿ ಮಾಡಿದ ಕೊಳಗೇರಿ ನಿವಾಸಿಗಳ ಭೂಹಕ್ಕು ಕಾನೂನಿನಲ್ಲಿ ಪತ್ರ ಗಂಡಹೆಂಡಿರಿಬ್ಬರ ಹೆಸರಿಗೂ ಬರುತ್ತದೆ, ಮಕ್ಕಳಿಗೆ ಹೋಗುತ್ತದೆ, ಮನೆಸಾಲಕ್ಕೆ ಅಡವಿಡಬಹುದು, ಆದರೆ ಮಾರುವಂತಿಲ್ಲ. ಜಂಟಿ ಹೆಸರನ್ನು ನೀವೂ ಕೇಳಿ. ಕುಡಿತಕ್ಕೋ ಕೈಸಾಲಕ್ಕೋ ಪತ್ರ ಅಡವಾಗಿ ಹೆಂಗಸರು ಮಕ್ಕಳು ಬೀದಿಗೆ ಬಿದ್ದ ಪ್ರಕರಣಗಳು ನಮ್ಮ ಕೋರ್ಟುಗಳಿಗೆ ಹೊಸವಲ್ಲ.

ಆಡಳಿತದ ವಿಷಯದಲ್ಲಿ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾವನ್ನು ನೆನೆಯಬೇಕು. 1922ರಲ್ಲಿ ಆ ನಗರ ಪ್ರತ್ಯೇಕ ಪ್ರಾಂತ್ಯವಾಗಿ ತನ್ನದೇ ತೆರಿಗೆ ಹಾಕುವ ಅಧಿಕಾರ ಪಡೆಯಿತು. 1923ರಲ್ಲಿ ವಸತಿ ತೆರಿಗೆ ತಂದಿತು, ಅದರಲ್ಲಿ ಐಷಾರಾಮಿ ಮನೆಗಳಿಗೆ ಹೊರೆ ಹೆಚ್ಚು. ಆ ಹಣದಿಂದ 1934ರೊಳಗೆ ಸುಮಾರು 60,000 ಮನೆಗಳನ್ನು ಕಟ್ಟಿತು. ಅವುಗಳಲ್ಲಿ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ಸಮುಚ್ಚಯ ಒಂದರಲ್ಲೇ 1,382 ಮನೆಗಳು, ಜೊತೆಗೆ ಬಟ್ಟೆ ಒಗೆಯುವ ಮನೆ, ಶಿಶುವಿಹಾರ, ಗ್ರಂಥಾಲಯ. ನಗರದ ಕೈಯಲ್ಲಿ ದುಡ್ಡೂ ನೆಲವೂ ಇದ್ದದ್ದರಿಂದ ಇದು ಆಯಿತು. ನಮ್ಮ ಈ ಭಾಗ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲಕ್ಕೂ ಇಂಥದೊಂದು ಯತ್ನವಿತ್ತು: 1908ರ ಮೂಸಿ ಪ್ರವಾಹದ ನಂತರ, 1912ರಲ್ಲಿ ರಾಜಧಾನಿಯಲ್ಲಿ ನಗರ ಸುಧಾರಣಾ ಮಂಡಳಿ ಬಂದು ಕಡಿಮೆ ವರಮಾನದವರಿಗೆ ಮನೆಗಳ ಸಾಲು ಕಟ್ಟಿಸಿತು. ಅದರ ಕೆಲಸ ಹೈದರಾಬಾದ್ ನಗರಕ್ಕೇ ಸೀಮಿತವಾಗಿತ್ತು.

ಇಂದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು 74ನೇ ತಿದ್ದುಪಡಿಯ ಮೂಲಕ ಸಂವಿಧಾನವೇ ಹೇಳುತ್ತದೆ. ಫಲಾನುಭವಿಗಳ ಪಟ್ಟಿ ಮತ್ತು ಜಾಗದ ಬದಲಾವಣೆ ಅಲ್ಲಿ ಚರ್ಚೆಯಾಗಲಿ ಎಂದು ಓಣಿಯ ಪರವಾಗಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ರೊಟ್ಟಿ ಮಾಡುವ ಅಕ್ಕಂದಿರನ್ನು ಸಭೆಗೆ ಕರೆಯುತ್ತೇವೆ. ನಾನು ಮೊದಲೇ ಬರೆಯಬೇಕಿದ್ದ ಒಂದು ಸಂಗತಿ ಉಳಿದಿದೆ: ನಮ್ಮಲ್ಲಿ ಹಲವು ಮನೆಗಳಲ್ಲಿ ಅಫಜಲಪುರ, ಜೇವರ್ಗಿ ಕಡೆಯಿಂದ ಬಂದ ಬಾಡಿಗೆದಾರರಿದ್ದಾರೆ. ಹಕ್ಕುಪತ್ರವಾಗಲಿ ಫ್ಲ್ಯಾಟ್ ಆಗಲಿ ಬರುವುದು ಮನೆ ಮಾಲೀಕರಿಗೆ. ಇವರ ಗತಿ ಏನು?

ಉತ್ತರ: ವಕೀಲೆ, ಕಲಬುರಗಿ

ಬಹುತೇಕ ಯೋಜನೆಗಳು ಮರೆಯುವುದು ಇವರನ್ನೇ. ವಿಯೆನ್ನಾದಲ್ಲಿ ಪಾಲಿಕೆಯ ಮನೆಗಳಲ್ಲಿರುವವರೆಲ್ಲ ಬಾಡಿಗೆದಾರರೇ, ಆದರೆ ಅವರ ಕರಾರಿಗೆ ಅವಧಿಯ ಮಿತಿಯಿಲ್ಲ. ಥಾಯ್ಲೆಂಡಿನಲ್ಲಿ ಬಾಡಿಗೆದಾರರನ್ನೂ ಸಂಘಕ್ಕೆ ಸೇರಿಸಿಕೊಂಡ ಬಸ್ತಿಗಳಿವೆ. ಹಾಗೆ ಕೇಳಬೇಕಾದರೆ ಮೊದಲು ಅವರು ದಾಖಲೆಯಲ್ಲಿ ಕಾಣಬೇಕು. ಸರ್ವೆ ನಮೂನೆಯಲ್ಲಿ ಮಾಲೀಕರ ಹೆಸರು ಒಂದು ಅಂಕಣದಲ್ಲಿ, ವಾಸವಿರುವವರ ಹೆಸರು ಇನ್ನೊಂದು ಅಂಕಣದಲ್ಲಿ ಬರುವಂತೆ ಒತ್ತಾಯಿಸಿ. ಅವರು ಎಷ್ಟು ವರ್ಷಗಳಿಂದ ಇದ್ದಾರೆ ಎಂಬುದಕ್ಕೆ ರೇಷನ್ ಕಾರ್ಡ್, ಮಕ್ಕಳ ಶಾಲೆಯ ದಾಖಲೆಗಳನ್ನು ಜೋಡಿಸಿ. ಪಟ್ಟಿ ಕಚೇರಿಗೆ ಹೋಗುವ ಮೊದಲು ಅದನ್ನು ಓಣಿಯ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ಬಿಟ್ಟುಹೋದ ಹೆಸರುಗಳನ್ನು ಅಲ್ಲೇ ಸೇರಿಸಿ, ಎಲ್ಲರ ಸಹಿಯಿರುವ ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.