ಹಿಮದ ಪ್ರೇಮಪದ್ಯದಲ್ಲಿ ಮಲ್ಲಿಗೆ ಘಮಿಸುತ್ತಿಲ್ಲ, ತಪ್ಪೆಲ್ಲಿದೆ?

ಶೀತಗಾಳಿ: ಕೆಲಸದ ಮೇಲೆ ಶ್ರೀನಗರಕ್ಕೆ ಬಂದು ಇದು ಎರಡನೆಯ ಚಳಿಗಾಲ. ಹೆಂಡತಿಗಾಗಿ ಆರು ಸಾಲಿನ ಭಾಮಿನಿ ಷಟ್ಪದಿ ಛಂದಸ್ಸಿನಲ್ಲಿ ಒಂದು ಪದ್ಯಕ್ಕೆ ಕೈ ಹಾಕಿದ್ದೇನೆ. ಶುರು ಹೀಗಿದೆ:

ಹಿಮವು ಸುರಿಯುವ ಬೀದಿಯಲ್ಲಿ ನಿಂತೆ
ನಿನ್ನ ಮುಡಿಯ ಮಲ್ಲಿಗೆ ಘಮ್ಮೆಂದಿತು

ಅವಳು ಓದಿ, "ಕ್ಯಾಲೆಂಡರ್ ಚಿತ್ರದ ಹಾಗಿದೆ" ಎಂದು ಪಕ್ಕಕ್ಕಿಟ್ಟಳು. ಮಲ್ಲಿಗೆಯ ಜಾಗಕ್ಕೆ ಸಂಪಿಗೆ, ಕೇದಗೆ ಎಲ್ಲವನ್ನೂ ಹಾಕಿ ನೋಡಿದೆ. ಏನೂ ಬದಲಾಗಲಿಲ್ಲ.

ಮಾತ್ರಾಗಣಿತ: ಮೊದಲು ಲಯ. ಭಾಮಿನಿಯ ಮೊದಲ ಸಾಲಿಗೆ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಗಳ ಗಣ ಬೇಕು. "ಹಿಮವು ಸುರಿಯುವ ಬೀದಿ" ತನಕ ಸರಿಯಿದೆ. "ಯಲ್ಲಿ"ಗೆ ಬಂದಾಗ ಮೂರೇ ಮಾತ್ರೆ, ಮೇಲೆ "ನಿಂತೆ" ಬೇರೆ ಹೊರಗೆ ಜೋತಾಡುತ್ತಿದೆ. ಎರಡನೆಯ ಸಾಲಿನಲ್ಲಿ ಆದಿಪ್ರಾಸವೂ ಇಲ್ಲ. "ಹಿಮ"ಕ್ಕೆ ಒಪ್ಪುವಂತೆ ಎರಡನೆಯ ಅಕ್ಷರ ಮಕಾರವಾಗಬೇಕು.

ಅತ್ತರದಂಗಡಿ: ಲಯ ಆಮೇಲೆ ಸರಿಮಾಡಿಕೊಳ್ಳಬಹುದು, ತಪ್ಪಿರುವುದು ಮೂಗಿನಲ್ಲಿ. ಸುವಾಸನೆಯ ಕಣಗಳು ಆವಿಯಾಗಿ ಮೂಗಿಗೆ ತಲುಪಬೇಕು. ಚಳಿಯಲ್ಲಿ ಅವು ಆವಿಯಾಗುವುದೇ ಕಡಿಮೆ. ಹಿಮ ಬೀಳುವ ಬೀದಿಯಲ್ಲಿ ಯಾವ ಹೂವು ಮುಡಿಸಿದರೂ ಅಷ್ಟೇ. ಮಲ್ಲಿಗೆಯಂತೂ ಬೇಸಗೆಯ ಹೂವು, ಅದನ್ನು ಕಾಶ್ಮೀರದ ಚಿಲ್ಲಾಯಿ ಕಲಾನಿನ, ಅಂದರೆ ನಲವತ್ತು ದಿನಗಳ ಕಡುಚಳಿಗಾಲದ, ಚಳಿಗೆ ಹೊತ್ತುಕೊಂಡು ಹೋದವರು ನೀವು! ಅತ್ತರನ್ನು ಮಣಿಕಟ್ಟಿಗೆ, ಕೊರಳಿಗೆ ಹಚ್ಚುವುದು ಏಕೆ? ಅಲ್ಲಿ ಮೈ ಬೆಚ್ಚಗಿರುತ್ತದೆ. ಪದ್ಯವನ್ನೂ ಅಲ್ಲಿಗೇ ಕರೆದುಕೊಂಡು ಹೋಗಿ.

ಹಳಬರಿಗೆ ಇದು ಗೊತ್ತಿತ್ತು. ಕಾಳಿದಾಸನ ಋತುಸಂಹಾರದ ಶಿಶಿರ ವರ್ಣನೆಯಲ್ಲಿ ಕಿಟಕಿ ಮುಚ್ಚಿದ ಮನೆಯ ಒಳಗು, ಬೆಂಕಿ, ದಪ್ಪ ಬಟ್ಟೆ ಜನರಿಗೆ ಹಿತವಾಗುತ್ತವೆ. ಬೆಳುದಿಂಗಳಂತೆ ತಣ್ಣಗಿನ ಚಂದನ ಈಗ ಯಾರಿಗೂ ಬೇಡ. ಮನೆಯೊಳಗೆ ಕಾಲಾಗರುವಿನ, ಅಂದರೆ ಕಪ್ಪು ಅಗರುವಿನ, ಧೂಪ. ನಮ್ಮಲ್ಲೂ ಚಳಿಗಾಲದ ಅವರೆಕಾಯಿಗೆ ಹೂವಿನ ಪರಿಮಳದ ಹೆಸರನ್ನು ಯಾರೂ ಕೊಡಲಿಲ್ಲ, "ಸೊಗಡು" ಎಂದರು. ಸಿಪ್ಪೆ ಸುಲಿದ ಬೆರಳಿಗೇ ಅಂಟಿಕೊಳ್ಳುವ ವಾಸನೆ ಅದು.

ಶೀತಗಾಳಿ: ನಾಚಿಕೆಯಾಯಿತು, ಏಕೆಂದರೆ ವಾಸನೆ ಕಣ್ಣೆದುರೇ ಇತ್ತು. ನಿನ್ನೆ ಸಂಜೆ ಅವಳು ಫೆರನ್ನಿನ (ಇಲ್ಲಿಯ ಸಡಿಲವಾದ ಉದ್ದ ನಿಲುವಂಗಿ) ತೋಳಿನಿಂದ ಕೈಗಳನ್ನು ಒಳಕ್ಕೆಳೆದುಕೊಂಡು ಕಾಂಗ್ಡಿಯನ್ನು ಹೊಟ್ಟೆಗೆ ಅವಚಿಕೊಂಡಿದ್ದಳು. ಹೆಣೆದ ಬುಟ್ಟಿಯೊಳಗೆ ಮಣ್ಣಿನ ಕುಡಿಕೆ, ಅದರಲ್ಲಿ ಬೂದಿ ಮುಚ್ಚಿದ ಇದ್ದಿಲು. ಅವಳು ಬಾಗಿ ಬೂದಿ ಕೆದಕಿದಾಗ ಫೆರನ್ನಿನ ಕೊರಳಿನಿಂದ ಬಿಸಿ ಮೇಲೆದ್ದಿತು: ಹೊಗೆ, ಒದ್ದೆ ಉಣ್ಣೆ, ಕೊಬ್ಬರಿ ಎಣ್ಣೆ, ಆಮೇಲೆ ಅವಳು. ಬೀದಿಯನ್ನೂ ಮಲ್ಲಿಗೆಯನ್ನೂ ಹೊಡೆದುಹಾಕಿದೆ:

ಹಿಮವು ಸುರಿಯಲು ಕದವನಿಕ್ಕಿದೆ
ಘಮವು ನಿನ್ನಯ ಕೊರಳಿನಿಂದಲಿ
ತಮದ ಕೋಣೆಯ ಬೂದಿಯೊಳಗಿನ ಕೆಂಡವೆಬ್ಬಿಸಿತೈ

ಮಾತ್ರಾಗಣಿತ: ಎಣಿಸಿದೆ. ಮೂರನೆಯ ಸಾಲಿನಲ್ಲಿ ಬೇಕಾದಷ್ಟೇ ಇಪ್ಪತ್ತಮೂರು ಮಾತ್ರೆ, ಕೊನೆಯಲ್ಲಿ ಗುರು, ಪ್ರಾಸವೂ ಕೂಡಿದೆ. "ನಿನ್ನಯ" ಮಾತ್ರೆ ತುಂಬಲು ಬಂದ ಪದ, "ತೈ" ಇನ್ನೂ ಒಂದು ಕೈ ಮೇಲು. ಸಹಿಸಿಕೊಳ್ಳುತ್ತೇನೆ.

ಅತ್ತರದಂಗಡಿ: ಈಗ ಮೂಗಿಗೆ ಬಡಿಯಿತು. ಹಿಮ ಹೊರಗೇ ಉಳಿದದ್ದು ಒಳ್ಳೆಯದಾಯಿತು. ಉಳಿದರ್ಧದಲ್ಲಿ ಆ ಕೊಬ್ಬರಿ ಎಣ್ಣೆಯನ್ನು ಮರೆಯಬೇಡಿ, ಕಸ್ತೂರಿಗಿಂತ ಅದೇ ಮೇಲು. ಒಂದು ಅನುಮಾನ: "ಕದವನಿಕ್ಕಿದೆ" ಎಂದರೆ ಕದ ಹಾಕಿದ್ದು ನಾನೋ, ನೀನೋ? ಕನ್ನಡದಲ್ಲಿ ಎರಡಕ್ಕೂ ಅದೇ ರೂಪ ಸಲ್ಲುತ್ತದೆ.

ಶೀತಗಾಳಿ: ಅವಳೂ ಅದನ್ನೇ ಕೇಳಿದಳು. ತಿದ್ದಲೇ ಎಂದೆ. ಬೇಡ ಎಂದು ಹಾಳೆಯನ್ನು ಮಡಚಿ ಫೆರನ್ನಿನ ಒಳಗೆ ಇಟ್ಟುಕೊಂಡಳು.