ಸಹಾಯ ಬೇಕು: ಉಳಿದ ಅನ್ನದ ರೊಟ್ಟಿ ಹರಿದು ಹೋಗುತ್ತಿದೆ

ಎಲ್ಲರಿಗೂ ನಮಸ್ಕಾರ. ಎಷ್ಟು ಅಳೆದು ಇಟ್ಟರೂ ನಮ್ಮ ಮನೆಯಲ್ಲಿ ರಾತ್ರಿ ಒಂದು ಲೋಟದಷ್ಟು ಅನ್ನ ಉಳಿದೇ ಉಳಿಯುತ್ತದೆ. ಚಿತ್ರಾನ್ನ ಅಂದರೆ ಮಕ್ಕಳು ಈಗ ಮುಖ ತಿರುಗಿಸುತ್ತಾರೆ. ಸಂಡಿಗೆ ಇಡೋಣ ಅಂದರೆ ಈ ಮಳೆಗೆ ಬಿಸಿಲೇ ಇಲ್ಲ.

ಅದಕ್ಕೆ ಮಲೆನಾಡಿನ ಕಡೆ ಮಾಡುವ ಹಾಗೆ ಅಕ್ಕಿಹಿಟ್ಟು ಸೇರಿಸಿ ರೊಟ್ಟಿ ಮಾಡಲು ಹೊರಟೆ. ಫ್ರಿಜ್‌ನಿಂದ ತೆಗೆದ ಅನ್ನವನ್ನು ಹಾಗೇ ಕಿವುಚಿದರೆ ಅಗುಳು ಉಳಿದು, ಲಟ್ಟಿಸುವಾಗ ಹರಿಯಿತು. ಮಿಕ್ಸಿಗೆ ಹಾಕಿದರೆ ಅಂಟಂಟಾಗಿ ಮಣೆಗೇ ಮೆತ್ತಿಕೊಂಡಿತು. ಹಿಟ್ಟು ಜಾಸ್ತಿ ಹಾಕಿದೆ, ರೊಟ್ಟಿ ಹಪ್ಪಳದಂತೆ ಗಟ್ಟಿ! ಅತ್ತೆ ಇದ್ದಾಗ ಕೈ ಅಳತೆಯಲ್ಲೇ ಮಾಡುತ್ತಿದ್ದರು. ನಾನು ಸುಮ್ನೆ ತಿಂದೆ, ಕಲಿಯಲಿಲ್ಲ.

ಒಂದು ಲೋಟ ಅನ್ನಕ್ಕೆ ಎಷ್ಟು ಹಿಟ್ಟು ಬೇಕು? ಅನ್ನವನ್ನು ಮೊದಲು ಬಿಸಿ ಮಾಡಿ ನಾದಬೇಕಾ, ತಣ್ಣಗಿರುವಾಗಲೇ ರುಬ್ಬಬೇಕಾ?